ನೀನು ಕೇಳಿದ ಒಳ್ಳೆ ಚೈನೀಸ್ ಹೋಟೆಲು

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಸಂಜೆ

ಪ್ರೀತಿಯ ಮರಿಗೆ,

ನಿಮ್ಮಮ್ಮ ನಿನ್ನನ್ನ ಹಾಗೆ ಕರೀತಾಳಲ್ಲ, ಈ ಒಂದು ಕಾಗದದ ಮಟ್ಟಿಗೆ ಆ ಹೆಸರನ್ನ ಅವಳಿಂದ ಕಡ ತಗೊಂಡಿದ್ದೀನಿ. ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯ್ತಾ? ಹಾಸ್ಟೆಲಿನ ನೀರು ಸರಿಯಿಲ್ಲ ಅಂತ ಅಮ್ಮ ಹೇಳ್ತಿದ್ಲು, ಕಾಯಿಸ್ಕೊಂಡು ಕುಡಿ. ನರ್ಸಿಂಗ್ ಓದೋರು ವಾರ್ಡಿನಲ್ಲಿ ಇಡೀ ದಿನ ನಿಂತೇ ಇರಬೇಕಂತೆ, ಕಾಲು ನೋವು ಬಂದ್ರೆ ಅಸಡ್ಡೆ ಮಾಡಬೇಡ, ಒಳ್ಳೆ ಬೂಟು ತಗೋ. ಇಲ್ಲಿ ನಾವಿಬ್ರೂ ಚೆನ್ನಾಗಿದ್ದೀವಿ. ಅಮ್ಮನಿಗೆ ಮಂಡಿ ನೋವು ಏಳೋವಾಗ ಮಾತ್ರ, ಕೂತ ಮೇಲೆ ಏನೂ ಇಲ್ಲ. ಇದನ್ನೆಲ್ಲ ಫೋನಲ್ಲೇ ಕೇಳಬಹುದಿತ್ತು, ನಿಜ. ಆದ್ರೆ ನಾನು ಹಲೋ ಅಂದ ಕೂಡಲೆ ನೀನು 'ಅಮ್ಮನಿಗೆ ಕೊಡಿ' ಅಂತೀಯ, ನಾನೂ ಕಾದ ಪಾತ್ರೆ ಹಿಡಿದವನ ಹಾಗೆ ಫೋನನ್ನ ಅವಳ ಕೈಗೆ ದಾಟಿಸಿಬಿಡ್ತೀನಿ. ನಾನು ನಿಮ್ಮಮ್ಮನನ್ನ ಮದುವೆಯಾಗಿ ಎರಡು ವರ್ಷ ಆಗ್ತಾ ಬಂತು. ಅಷ್ಟೂ ದಿನ ನಾನೂ ನೀನೂ ಆಡಿರೋ ಮಾತನ್ನೆಲ್ಲ ಒಟ್ಟು ಸೇರಿಸಿದ್ರೂ ಈ ಕಾಗದದಷ್ಟು ಉದ್ದ ಆಗಲಿಕ್ಕಿಲ್ಲ. ಇದರಲ್ಲಿ ನಿನ್ನ ತಪ್ಪೇನಿಲ್ಲ. ನನಗೂ ಮಾತಾಡೋಕೆ ಬರಲ್ಲ, ಕೆಟ್ಟ ಫ್ರಿಜ್ಜುಗಳ ಹತ್ತಿರ ಮಾತ್ರ ಬಾಯಿಗೆ ಬಂದ ಹಾಗೆ ಮಾತಾಡ್ತೀನಿ.

ವಿಷಯಕ್ಕೆ ಬರ್ತೀನಿ. ಪರೀಕ್ಷೆ ಪಾಸಾದ ಸುದ್ದಿ ಹೇಳಿದ ದಿನ, ರಜಕ್ಕೆ ಬಂದಾಗ ಒಂದು ಒಳ್ಳೆ ಚೈನೀಸ್ ಹೋಟೆಲಿಗೆ ಹೋಗೋಣ ಅಂದ್ಯಂತೆ. ಯಾವುದಕ್ಕೆ ಅಂತ ಅಮ್ಮ ಕೇಳಿದ್ದಕ್ಕೆ 'ಅವರೇ ಆರಿಸ್ಲಿ, ಅವರಿಗೆ ಹೋಟೆಲುಗಳೆಲ್ಲ ಗೊತ್ತಲ್ಲ' ಅಂದ್ಯಂತೆ. ನೀನು ಬಾಯಿಮಾತಿಗೆ ಅಂದಿರಬಹುದು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ನೀನು ನನ್ನಿಂದ ಒಂದು ಕೆಲಸ ಆಗಲಿ ಅಂತ ಕೇಳಿದ್ದು ಇದೇ ಮೊದಲು. ಇದನ್ನ ಕೆಡಿಸಿಕೊಂಡ್ರೆ ಇನ್ನೊಂದು ಸಲ ಕೇಳ್ತೀಯ ಅನ್ನೋ ಧೈರ್ಯ ನನಗಿಲ್ಲ. ನಿಮ್ಮಮ್ಮ ನಗ್ತಾಳೆ, ಒಂದು ಪ್ಲೇಟು ನೂಡಲ್ಸಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತಾಳೆ. ಅವಳಿಗೇನು, ನೀನು ಅವಳ ಹತ್ತಿರ ದಿನಾ ಏನಾದ್ರೂ ಕೇಳ್ತಾನೇ ಇರ್ತೀಯ.

ಹೋಟೆಲುಗಳು ಗೊತ್ತು ಅಂದ್ಯಲ್ಲ, ಗೊತ್ತು, ಆದ್ರೆ ಹಿಂಬಾಗಿಲಿನಿಂದ. ಇಷ್ಟು ದೊಡ್ಡ ಊರಲ್ಲಿ ಚೈನೀಸ್ ಅಂತ ಕೆಂಪು ಬೋರ್ಡು ಹಾಕ್ಕೊಂಡಿರೋ ಹೋಟೆಲು ಬೀದಿಗೊಂದು. ಅವುಗಳಲ್ಲಿ ಅರ್ಧಕ್ಕರ್ಧ ಅಡುಗೆಮನೆಗಳಲ್ಲಿ ನಾನು ಫ್ರಿಜ್ಜು ರಿಪೇರಿಗೆ ಅಂತ ಮಂಡಿಯೂರಿ ಕೂತಿದ್ದೀನಿ. ಮುಂದೆ ಎಂಥ ದೀಪ ಹಾಕಿದ್ದಾರೆ, ಎಂಥ ಮೇಜು ಇದೆ, ಒಂದೂ ನೋಡಿದವನಲ್ಲ. ನೋಡಿರೋದು ಫ್ರಿಜ್ಜಿನ ಒಳಗನ್ನ. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಒಂದು ಸಲ ಬೆರಳಾಡಿಸಿದ್ರೆ ಸಾಕು, ಆ ಅಡುಗೆಮನೆಯ ಜಾತಕ ಗೊತ್ತಾಗುತ್ತೆ. ಮೊನ್ನೆಯ ಸೂಪನ್ನ ಇವತ್ತಿನದರ ಹಿಂದೆ ಬಚ್ಚಿಡೋರಿದ್ದಾರೆ, ಹಸಿ ಮೀನಿನ ಪಕ್ಕದಲ್ಲೇ ಐಸ್‌ಕ್ರೀಮು ಇಡೋರಿದ್ದಾರೆ, ಫ್ರಿಜ್ಜಿನೊಳಗೆ ತನ್ನ ಚಪ್ಪಲಿ ತಣ್ಣಗಿಟ್ಟುಕೊಂಡ ಒಬ್ಬ ಮಹಾನುಭಾವನನ್ನೂ ಕಂಡಿದ್ದೀನಿ. ಅದಕ್ಕೇ ನಾನು ನನ್ನ ಲೆಕ್ಕದಲ್ಲಿ, ಯಾರ ಫ್ರಿಜ್ಜು ಎಲ್ಲರಿಗಿಂತ ಚೊಕ್ಕಟವೋ ಅವರದ್ದೇ ಒಳ್ಳೆ ಹೋಟೆಲು ಅಂತ ತೀರ್ಮಾನ ಮಾಡಿಬಿಟ್ಟೆ. ದೊಡ್ಡ ಅಂಗಡಿಬೀದಿಯಲ್ಲಿ, ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಅಂಥದೊಂದಿದೆ. ಆ ಫ್ರಿಜ್ಜಿನೊಳಗೆ ಮಗುವನ್ನ ಮಲಗಿಸಬಹುದು, ಅಷ್ಟು ಶುಭ್ರ.

ನಿನ್ನನ್ನ ಕರ್ಕೊಂಡು ಹೋಗೋ ಮೊದಲು ಒಂದು ಸಲ ನೋಡೋಣ ಅಂತ ಕಳೆದ ಶನಿವಾರ ಮಧ್ಯಾಹ್ನ ನಿಮ್ಮಮ್ಮನನ್ನ ಅಲ್ಲಿಗೆ ಕರ್ಕೊಂಡು ಹೋದೆ. ಅವಳು ಹೊಸ ಚಪ್ಪಲಿ ಹಾಕ್ಕೊಂಡು ಭಾರಿ ಠೀವಿಯಿಂದ ಬಂದ್ಲು. ಊಟ ಬಂತು. ಸೂಪು ಬಿಸಿನೀರಿಗೆ ತಮ್ಮನಾಗಬೇಕು. ನೂಡಲ್ಸಿಗೆ ಉಪ್ಪಿಲ್ಲ, ಹುಳಿಯಿಲ್ಲ, ಬಾಯಲ್ಲಿಟ್ಟುಕೊಂಡು ಇದನ್ನ ಏನು ಮಾಡಬೇಕು ಅಂತಲೇ ತಿಳೀದು. ನಾನು ಚೆನ್ನಾಗಿದೆ ಅಂತ ತಲೆ ಅಲ್ಲಾಡಿಸ್ತಾ ತಿಂತಿದ್ದೆ. ನಿಮ್ಮಮ್ಮ ಚಮಚ ಕೆಳಗಿಟ್ಟು ಸುತ್ತ ನೋಡಿದ್ಲು. ಅಷ್ಟು ದೊಡ್ಡ ಹಾಲಿನಲ್ಲಿ ನಾವಿಬ್ರೇ. 'ಜನ ಬಂದ್ರೆ ತಾನೆ ಫ್ರಿಜ್ಜು ಕೊಳೆಯಾಗೋದು' ಅಂದ್ಲು. ಆಮೇಲೆ ಕಣ್ಣಲ್ಲಿ ನೀರು ಬರೋವರೆಗೆ ನಕ್ಕಳು. ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಬಡಿಸೋನು ಪಾಪ, ಊಟ ಇಷ್ಟವಾಗಿ ನಗ್ತಿದ್ದಾರೆ ಅಂದುಕೊಂಡು ಇನ್ನಷ್ಟು ಸೂಪು ತಂದು ಸುರಿದ.

ವಾಪಸ್ ಬರೋವಾಗ ಬಸ್ಸಿನಲ್ಲಿ ಅವಳ ನಗು ಕಮ್ಮಿಯಾಯ್ತು. ನಿಮ್ಮಪ್ಪ ಬದುಕಿದ್ದಾಗ ನಿನ್ನನ್ನ ಒಂದು ಚೈನೀಸ್ ಹೋಟೆಲಿಗೆ ಕರ್ಕೊಂಡು ಹೋಗ್ತಿದ್ರು ಅಂತ ಹೇಳಿದ್ಲು. ತಿಂಗಳ ಮೊದಲ ಭಾನುವಾರ, ನೀವಿಬ್ರೇ, ಅವಳನ್ನೂ ಸೇರಿಸ್ಕೊಳ್ತಿರಲಿಲ್ಲವಂತೆ. ಅವರು ಹೋದ ಮೇಲೆ ನೀನು ಆ ಬೀದಿಗೇ ಕಾಲಿಟ್ಟಿಲ್ಲವಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ, 'ನಿಮಗೆ ಬೇಜಾರಾಗುತ್ತೇನೋ ಅಂತ' ಅಂದ್ಲು. ಬಸ್ ಡಿಪೋದ ಹಿಂದಿನ ಗಲ್ಲಿ, ಗಡಿಯಾರದ ಅಂಗಡಿಯ ಪಕ್ಕ ಅಂದ ಕೂಡಲೆ ನನಗೆ ಗೊತ್ತಾಯ್ತು. ಆ ಅಡುಗೆಮನೆಗೆ ನಾನು ಎಷ್ಟೋ ವರ್ಷದಿಂದ ಹೋಗ್ತಿದ್ದೀನಿ. ಅವರ ಫ್ರಿಜ್ಜಿನಂಥ ದರಿದ್ರ ಫ್ರಿಜ್ಜು ಈ ಊರಲ್ಲಿ ಇನ್ನೊಂದಿಲ್ಲ. ಮುದಿ ಎಮ್ಮೆಯ ಹಾಗೆ ಉಸಿರು ಬಿಡುತ್ತೆ. ಬಿಸಾಕಿ ಅಂತ ಹೋದಾಗಲೆಲ್ಲ ಹೇಳ್ತೀನಿ, ಕೇಳಲ್ಲ. ನೀನೂ ನಿಮ್ಮಪ್ಪನೂ ಆಚೆ ಕೂತು ಊಟ ಮಾಡ್ತಿದ್ದಾಗ ಯಾವತ್ತಾದ್ರೂ ಒಂದು ದಿನ ನಾನು ಗೋಡೆಯ ಈಚೆ ಅದರ ಮುಂದೆ ಕೂತಿದ್ದಿರಬಹುದು. ಅದನ್ನ ಯೋಚನೆ ಮಾಡ್ತಾ ನಮ್ಮ ಸ್ಟಾಪು ದಾಟಿ ಮುಂದೆ ಹೋಗಿಬಿಟ್ವಿ.

ನಿನ್ನೆ ಕೆಲಸ ಬೇಗ ಮುಗಿಸಿ ಅಲ್ಲಿಗೆ ಒಬ್ಬನೇ ಹೋದೆ. ಅಭ್ಯಾಸಬಲ, ಹಿಂಬಾಗಿಲಿಂದ ನುಗ್ಗಿಬಿಟ್ಟಿದ್ದೀನಿ. ಗಲ್ಲಾದಲ್ಲಿ ಕೂರೋ ಯಜಮಾನಿ ಅಡುಗೆಮನೆಯಲ್ಲಿದ್ರು. 'ಫ್ರಿಜ್ಜು ಕೆಟ್ಟಿಲ್ವಲ್ಲ, ಯಾಕೆ ಬಂದ್ರಿ?' ಅಂದ್ರು. ಊಟಕ್ಕೆ ಅಂದೆ. ಊಟ ಮಾಡೋರು ಹೀಗೆ ಬರ್ತಾರಾ ಅಂತ ಗದರಿ, ನನ್ನನ್ನ ಮತ್ತೆ ಗಲ್ಲಿಗೆ ಕಳಿಸಿ, ಸುತ್ತು ಹಾಕಿಸಿ ಮುಂಬಾಗಿಲಿಂದ ಒಳಗೆ ಕರೆದ್ರು. ಮೇಜುಗಳೆಲ್ಲ ತುಂಬಿದ್ವು. ಡಿಪೋದವರು, ಮಕ್ಕಳು ಮರಿ ಕಟ್ಟಿಕೊಂಡು ಬಂದವರು, ಎದುರುಬದುರು ಕೂತು ಮಾತೇ ಆಡದೆ ತಿಂತಿದ್ದ ಮುದುಕ ಮುದುಕಿ. ಸೂಪು ಬಂತು. ಮರಿ, ಏನು ಹೇಳಲಿ, ಎರಡು ಬಟ್ಟಲು ಕುಡಿದೆ. ಶುಂಠಿ ಮೊದಲು ಮೂಗಿಗೆ ಬರುತ್ತೆ, ಆಮೇಲೆ ನಿಧಾನವಾಗಿ ಗಂಟಲಿಗೆ ಇಳಿಯುತ್ತೆ. ನೂಡಲ್ಸಿಗೆ ಬಾಣಲೆಯ ಹೊಗೆ ಹಿಡಿದಿತ್ತು, ತಟ್ಟೆ ಖಾಲಿಯಾಗಿದ್ದೇ ತಿಳೀಲಿಲ್ಲ. ಆಗ ನನಗೆ ನಿಮ್ಮಪ್ಪನ ಮೇಲೆ ಹೊಟ್ಟೆಕಿಚ್ಚು ಬಂತು. ಅವರ ಫೋಟೋ ನಮ್ಮ ಹಾಲಿನಲ್ಲೇ ಇದೆ, ದಿನಾ ನೋಡ್ತೀನಿ, ಯಾವತ್ತೂ ಹಾಗನ್ನಿಸಿರಲಿಲ್ಲ. ಒಳ್ಳೆಯದನ್ನ ಆರಿಸಿ, ಮಗಳನ್ನ ಎದುರಿಗೆ ಕೂರಿಸ್ಕೊಂಡು ತಿಂದ ಮನುಷ್ಯ ಅಂತ ಹೊಟ್ಟೆ ಉರೀತು. ನೀನೂ ನಿಮ್ಮಪ್ಪನೂ ಯಾವ ಮೇಜಿನಲ್ಲಿ ಕೂರ್ತಿದ್ರಿ ಅಂತ ಯಜಮಾನಿಯನ್ನ ಕೇಳೋಣ ಅನ್ನಿಸ್ತು. ಕೇಳಲಿಲ್ಲ, ಅದು ನಿಮ್ಮಿಬ್ಬರ ವಿಷಯ.

ನಿಜ ಹೇಳ್ತೀನಿ, ಇದನ್ನ ಬಿಟ್ಟು ಬೇರೆ ಕಡೆ ಹೋಗೋಣ ಅಂತಲೂ ಆಸೆಯಾಯ್ತು. ನದಿಯ ಸೇತುವೆ ಹತ್ತಿರ ಒಂದು ಹೋಟೆಲಿದೆ, ಮೇಜಿನ ನಡುವೆ ತಿರುಗೋ ಗಾಜಿನ ತಟ್ಟೆ, ಊಟ ಪರವಾಗಿಲ್ಲ. ಅಲ್ಲಿ ನಿನಗೆ ಯಾರ ನೆನಪೂ ಬರಲ್ಲ. ಮುಂದೆ ಯಾವತ್ತಾದ್ರೂ ಆ ಹೋಟೆಲು ಅಂದ್ರೆ ನನ್ನ ನೆನಪೇ ಬರಬಹುದು. ರಾತ್ರಿ ಮಲಗಿದಾಗ ಆ ಯೋಚನೆ ಹಿತವಾಗಿತ್ತು, ಬೆಳಿಗ್ಗೆ ಎದ್ದಾಗ ನಾಚಿಕೆಯಾಯ್ತು. ನೀನು ಕೇಳಿದ್ದು ಒಳ್ಳೆ ಹೋಟೆಲು. ನಾನು ನೋಡಿದವುಗಳಲ್ಲಿ ಒಳ್ಳೆಯದು ಡಿಪೋ ಹಿಂದಿನದ್ದೇ. ನಿನಗೆ ಅಲ್ಲಿಗೆ ಹೋಗೋಕೆ ಇನ್ನೂ ಮನಸ್ಸಾಗದಿದ್ರೆ ಬಿಟ್ಟುಬಿಡು, ಸೇತುವೆ ಹತ್ತಿರದ್ದಕ್ಕೆ ಹೇಳ್ತೀನಿ. ಸದ್ಯಕ್ಕೆ ನೀನು ಬಂದ ಮೇಲಿನ ಭಾನುವಾರ ಮಧ್ಯಾಹ್ನ, ಕಿಟಕಿ ಪಕ್ಕ ನಿನಗೂ ಅಮ್ಮನಿಗೂ ಜಾಗ ಇಡೋಕೆ ಯಜಮಾನಿಗೆ ಹೇಳಿದ್ದೀನಿ. ಅವತ್ತು ನನಗೆ ಐಸ್ ಫ್ಯಾಕ್ಟರಿಯಲ್ಲಿ ತುರ್ತು ಕೆಲಸ ಬಂದಿದೆ, ನೀವಿಬ್ರೂ ಆರಾಮಾಗಿ ಹೋಗಿ ಬನ್ನಿ.

ಹುಷಾರಾಗಿ ಬಾ, ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ನಿನ್ನನ್ನ ಹರಸೋ ವಯಸ್ಸಂತೂ ನನಗಾಗಿದೆ, ಹಕ್ಕು ಇದೆಯೋ ಇಲ್ಲವೋ ಗೊತ್ತಿಲ್ಲ. ಹರಸಿದ್ದೀನಿ, ಇಟ್ಟುಕೋ.

ಇಂತಿ,
ಫ್ರಿಜ್ಜಿನವನು

ತಾ.ಕ.: ಅಮ್ಮ ಅಂಚೆಗೆ ಹಾಕಬೇಕು ಕೊಡಿ ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೆ ಕಾಣದ ಹಾಗೆ ಬರೀತಿದ್ದೀನಿ. ಐಸ್ ಫ್ಯಾಕ್ಟರಿಗೆ ಭಾನುವಾರ ರಜ. ಅಲ್ಲಿ ನನಗೆ ಯಾವ ಕೆಲಸವೂ ಇಲ್ಲ. ನಾನಿಲ್ಲದಿದ್ರೆ ನೀನು ಅಲ್ಲಿ ಬಿಗುಮಾನವಿಲ್ಲದೆ ಕೂರ್ತೀಯ ಅಂತ ಹಾಗೆ ಬರೆದೆ. ನಾನೂ ಬರಬಹುದು ಅನ್ನಿಸಿದ್ರೆ 'ಮೂರು ಜನ' ಅಂತ ಅಮ್ಮನ ಹತ್ತಿರ ಹೇಳು, ಅಷ್ಟೇ ಸಾಕು. ಬೇಡ ಅನ್ನಿಸಿದ್ರೆ ಏನೂ ಹೇಳಬೇಡ, ನನಗೆ ಬೇಜಾರಿಲ್ಲ ಅಂತ ಬರೆಯೋಕೆ ಹೊರಟಿದ್ದೆ. ಬೇಜಾರಾಗುತ್ತೆ. ನಿನ್ನ ಜೊತೆ ಕೂತು ಊಟ ಮಾಡಬೇಕು ಅಂತ ನನಗೆ ತುಂಬಾ ಆಸೆ ಇದೆ.