ಅವ್ವ ಕಳಚಿಟ್ಟ ಸೆನ್ಸರ್

ಅವ್ವಾ,

ಆ ಸೆನ್ಸರನ್ನು ಮೊದಲ ಸಲ ನಿನ್ನ ತೋಳಿಗೆ ಅಂಟಿಸಿದ ದಿನ ನೆನಪಿದೆಯೇ? ಹತ್ತು ರೂಪಾಯಿ ನಾಣ್ಯದಷ್ಟು ಅಗಲದ, ಶುಗರ್ ಅಳೆಯುವ ಬಿಳಿ ಬಿಲ್ಲೆ. ಇನ್ನು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಸಿಕೊಳ್ಳುವುದು ತಪ್ಪಿತು ಎಂದು ಕೊಪ್ಪಳದ ನಮ್ಮ ಓಣಿಗೆಲ್ಲ ತೋಳು ತೋರಿಸಿ ಬಂದೆ. “ನನ್ನ ಶುಗರ್ ಎಷ್ಟೈತಂತ ನನ್ನ ಮಗಳು ಕುಷ್ಟಗಿ ಸಾಲ್ಯಾಗ ಕುಂತು ಫೋನಿನ್ಯಾಗ ನೋಡ್ತಾಳ” ಎಂದು ಪಕ್ಕದ ಮನೆಯ ಖೈರೂನಮ್ಮನಿಗೆ ಹೇಳುವಾಗ ಎಂಥ ಹೆಮ್ಮೆ ಇತ್ತು ನಿನ್ನ ದನಿಯಲ್ಲಿ.

ಖೈರೂನಮ್ಮನ ಮೊಮ್ಮಗಳ ನಿಶ್ಚಿತಾರ್ಥದ ಮಧ್ಯಾಹ್ನ ನೀನು ಅವರ ಮನೆಯಲ್ಲಿದ್ದೆ. ಎರಡು ಪೀರಿಯಡ್ ಪಾಠದ ನಡುವೆ ನಾನು ಫೋನ್ ನೋಡಿದೆ, ಅಂಕಿ ಏರುತ್ತಿತ್ತು. ತಕ್ಷಣ ಕರೆ ಮಾಡಿದೆ. “ಏನ್ ತಿಂದಿ? ಸುಳ್ಳ ಹೇಳಬ್ಯಾಡ, ಇನ್ನೂರಾ ಎಂಬತ್ತ ತೋರಸಾಕತ್ತೈತಿ.” ನೀನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತೀ ಎಂಬುದು ನನಗೆ ಗೊತ್ತಿರಲಿಲ್ಲವೇ? ಹೆಂಗಸರೆಲ್ಲ ನಕ್ಕದ್ದು ನನಗೂ ಕೇಳಿಸಿತು. ಸಂಜೆ ಮನೆಗೆ ಬಂದಾಗ ನೀನು ಒಂದೇ ಮಾತು ಅಂದೆ: “ಮಂದಿ ಮುಂದ ನನ್ನ ಸಣ್ಣ ಹುಡುಗಿ ಮಾಡಿದಿ, ಶಶಿ.” ನಿನ್ನ ಒಳ್ಳೆಯದಕ್ಕೇ ಅಂದೆ ಎಂದು ನಾನು ಇನ್ನೂ ದನಿ ಏರಿಸಿದೆ. ಆಮೇಲೆ ದಿನಾ ಮೂರು ಸಲ ಫೋನು, ಮೂರು ಸಲವೂ ಅಂಕಿಯ ಮಾತು. ಮೊಣಕಾಲು ಹೇಗಿದೆ ಎಂದು ಒಂದು ಸಲವಾದರೂ ಕೇಳಿದೆನೇ? ಶುಗರ್ ಏರುವುದನ್ನೇ ಕಾಯುತ್ತಿದ್ದೆ. ಇಳಿದರೆ ಏನಾಗುತ್ತದೆ ಎಂದು…

ಖೈರೂನಮ್ಮನ ಮೊಮ್ಮಗಳ ಮದುವೆ ಗಂಗಾವತಿಯಲ್ಲಿ ಗೊತ್ತಾದಾಗ ನೀನು ಹಸಿರು ಸೀರೆ ತೆಗೆದಿಟ್ಟಿದ್ದೆ. “ಮದುವಿ ಊಟ ನಿನಗಾಗಂಗಿಲ್ಲ. ಹೋಗೋದ ಬ್ಯಾಡ” ಅಂದೆ ನಾನು. ನೀನು ಸೀರೆಯನ್ನು ಮಡಿಚಿ ಒಳಗಿಟ್ಟೆ.

ಮದುವೆಯ ದಿನ ಬೆಳಿಗ್ಗೆ ನಾನು ಕುಷ್ಟಗಿ ಬಸ್ಸಿನಲ್ಲಿ ಕೂತು ಫೋನ್ ತೆರೆದೆ. ಅಂಕಿ ಇರಬೇಕಾದ ಜಾಗದಲ್ಲಿ ಬರೀ ಗೆರೆ. ಸೆನ್ಸರ್ ಕಿತ್ತಿಟ್ಟು ಮದುವೆಗೆ ಹೊರಟಿದ್ದೀ ಎಂದು ಆ ಕ್ಷಣವೇ ಗೊತ್ತಾಯಿತು. ಇನ್ಸುಲಿನ್ ತಗೊಂಡಿದ್ದರೆ ನಾಷ್ಟಾ ಮಾಡಿ ಹೋಗು ಎಂದು ಫೋನ್ ಮಾಡಿ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ, ಅವ್ವಾ? ಹೇಳಲಿಲ್ಲ. ಸಂಜೆ ಬರಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿದೆ.

ಮುಂದಿನದನ್ನು ಖೈರೂನಮ್ಮನ ಬಾಯಿಂದ ಕೇಳಿದೆ. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನೀನು ಇನ್ಸುಲಿನ್ ಚುಚ್ಚಿಕೊಂಡು ಬರೀ ಹೊಟ್ಟೆಯಲ್ಲಿ ಹೊರಟಿದ್ದೆ. ನಿಕಾಹ್ ತಡವಾಯಿತು, ಊಟ ಇನ್ನೂ ತಡವಾಯಿತು. ಮೂಲೆಯ ಕುರ್ಚಿಯಲ್ಲಿ ತಲೆ ಬಾಗಿಸಿ ಕೂತವಳನ್ನು ನೋಡಿ ಮಂದಿ ನಿದ್ದೆ ಹತ್ತಿದೆ ಅಂದುಕೊಂಡರು. ಖೈರೂನಮ್ಮ ತಟ್ಟೆ ಹಿಡಿದು ಬಂದು ಅಲುಗಿಸಿದಾಗ ನೀನು ಕಣ್ಣು ಬಿಡಲಿಲ್ಲ. ಶುಗರ್ ಪೂರ್ತಿ ಇಳಿದುಹೋಗಿತ್ತು; ಬಿಲ್ಲೆ ತೋಳಿನಲ್ಲಿದ್ದಿದ್ದರೆ ಫೋನು ಕೂಗಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಶುಗರ್ ಏರಿತು, ನೀನು ಮಾತ್ರ ಏಳಲಿಲ್ಲ. ಮೂರನೆಯ ದಿನ…

ಆಸ್ಪತ್ರೆಯ ಬಾಗಿಲಲ್ಲಿ ಖೈರೂನಮ್ಮ ನಿಂತಿದ್ದರು, ಕೈಯಲ್ಲಿ ಮದುವೆಯ ಮೆಹಂದಿ. ಗಂಗಾವತಿಯಲ್ಲೇ ಅಂಗಡಿ ಇಟ್ಟಿರುವ ನನ್ನ ತಮ್ಮ ಬಸು ಅವರ ಮುಖಕ್ಕೇ ಅಂದ: “ನೀವು ಕರಕೊಂಡ್ ಬರದಿದ್ರ ನಮ್ಮವ್ವ ಬದುಕಿರ್ತಿದ್ಲು.” ಆಮೇಲೆ ನನ್ನ ಕಡೆ ತಿರುಗಿದ. “ಅಕ್ಕಾ, ನಿನ್ನ ಫೋನಿನ್ಯಾಗ ಏನೂ ತೋರಿಸ್ಲಿಲ್ಲೇನು?”

“ಸಾಲ್ಯಾಗಿದ್ದೆ. ನೋಡಿರ್ಲಿಲ್ಲ” ಅಂದೆ.

ಒಂದು ವರ್ಷ, ಅವ್ವಾ. ಬಸು ಕೊಪ್ಪಳಕ್ಕೆ ಬಂದರೆ ಆ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನನ್ನು ಕಂಡರೆ ಖೈರೂನಮ್ಮ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ತಗ್ಗಿಸಬೇಕಾದ ತಲೆ ಯಾರದಾಗಿತ್ತು?

ಹೋದ ಭಾನುವಾರ ಬಸುವನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಬಸ್ಸಿನಲ್ಲಿ ಕಂಡ ಗೆರೆ, ಮಾಡದ ಫೋನು, ಹೇಳಿದ ಸುಳ್ಳು, ಎಲ್ಲವನ್ನೂ ಇಬ್ಬರೆದುರಿಗೂ ಹೇಳಿದೆ. ಬಸು ಗೋಡೆ ನೋಡುತ್ತ ಕೂತ. ಮಾತಾಡಿದವರು ಖೈರೂನಮ್ಮ.

“ನನಗ ಗೊತ್ತಿತ್ತವ್ವ. ಬಸ್ಸಿನ್ಯಾಗ ನಿಮ್ಮವ್ವ ಎರಡು ಸಲ ಫೋನ್ ತಗದು ನೋಡಿದ್ಲು. ‘ಶಶಿಗೆ ಗೊತ್ತಾಗೈತಿ, ಸಿಟ್ಟಾಗ್ಯಾಳ, ಇಲ್ಲಂದ್ರ ಇಷ್ಟೊತ್ತಿಗೆ ಫೋನ್ ಬರ್ತಿತ್ತು’ ಅಂದ್ಲು.”

“ಹಂಗಾದ್ರ ಅವತ್ತ ಯಾಕ ಹೇಳ್ಲಿಲ್ರಿ?” ಬಸು ಕೇಳಿದ.

“ತಾಯೀನ್ನ ಕಳಕೊಂಡ ಮಗಳ ಮುಂದ ಆ ಮಾತು ಹೆಂಗ ಹೇಳ್ಲಿ?”

ಬಸು ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡ. ನನ್ನ ಜೊತೆ ಅವನು ಇನ್ನೂ ಮಾತಾಡುತ್ತಿಲ್ಲ. ಅದು ಸರಿಯೇ.

ಇನ್ನೊಂದು ಬಾಕಿ ಇದೆ, ಅವ್ವಾ. ತನ್ನ ಮದುವೆಯಿಂದಲೇ ನೀನು ಹೋದೆ ಎಂದು ಖೈರೂನಮ್ಮನ ಮೊಮ್ಮಗಳು ಈಗಲೂ ನಂಬಿದ್ದಾಳಂತೆ. ಈ ಶನಿವಾರ ಗಂಗಾವತಿಗೆ ಹೋಗುತ್ತೇನೆ. ಫೋನಿನಲ್ಲಲ್ಲ, ಅವಳ ಎದುರು ಕೂತು ಹೇಳುತ್ತೇನೆ.

ನಿನ್ನ ಶಶಿ