ಎರಡು ಬೆರಳಿನ ಸಡಿಲ

ಶಿರಾ
ಭಾನುವಾರ, ೧೨ ಮಾರ್ಚ್ ೧೯೬೧

ಪ್ರೀತಿಯ ನಿಯಾಜಣ್ಣನಿಗೆ ಸಲಾಂ.

ಆರೋಗ್ಯವೇ? ರಂಜಾನಿನ ಉಪವಾಸದ ರೋಜಾ ಹಿಡಿದು ದಿನವಿಡೀ ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಂತೇ ಇರುತ್ತೀಯೆಂದು ಅಮ್ಮಿಗೆ ಚಿಂತೆ. ಊರಿಗೆಲ್ಲ ಪಥ್ಯ ಹೇಳುವವನಿಗೆ ತನ್ನ ಹೊಟ್ಟೆ ನೋಡಿಕೊಳ್ಳಲು ಬರುವುದಿಲ್ಲ ಅನ್ನುತ್ತಾಳೆ. ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ, ಕೈ ಬರಲಿಲ್ಲ.

ಸುಟ್ಟ ಗಾಯ ಮಾಗಿದ ಮೇಲೂ ಸಿಪಾಯಿಗಳ ಕೈಕಾಲು ಯಾಕೆ ಊದುತ್ತದೆ, ಚರ್ಮದಡಿಯ ದುಗ್ಧರಸ ಯಾಕೆ ಹರಿಯದೆ ನಿಲ್ಲುತ್ತದೆ ಎಂದು ಹುಡುಕುತ್ತಿರುವ ನೀನು, ಬರ್ಮಾ ಯುದ್ಧದಲ್ಲಿ ಲಾರಿಯ ಬೆಂಕಿಗೆ ಬೆಂದ ಅಬ್ಬಾನ ಎಡಗೈಗೂ ನೀನೇ ಕಂಡುಹಿಡಿದ ಬಿಗಿ ಬಟ್ಟೆಯ ಕಟ್ಟು ಕಟ್ಟಿದೆ. ಪ್ರತಿ ಶುಕ್ರವಾರ ಬಿಚ್ಚಿ, ಅಳೆದು, ಬರೆದು ಕಳಿಸು ಎಂದು ನನಗೆ ಹೇಳಿದೆ. ಪಲ್ಟನ್ನಿನಲ್ಲೂ ದರ್ಜಿಯಾಗಿದ್ದವರು ಟೇಪನ್ನು ನನ್ನ ಕೈಗೆ ಕೊಡುತ್ತಾರೆಯೇ? ತುದಿಯನ್ನು ಹಲ್ಲಲ್ಲಿ ಕಚ್ಚಿ ತಾವೇ ಅಳೆದರು, ಹೇಳಿದ್ದನ್ನು ನಾನು ಬರೆದೆ. ನಾಲ್ಕು ತಿಂಗಳೂ ಹದಿಮೂರೇ ಇಂಚು. ಊತ ನಿಂತಿದೆಯೆಂದು ನೀನು ಹಿಗ್ಗಿ ಬರೆದ ಕಾಗದವನ್ನು ಅಬ್ಬಾ ಅಂಗಡಿಗೆ ಬಂದವರಿಗೆಲ್ಲ ಓದಿಸಿದರು.

ಮೊನ್ನೆ ಈದ್‌ಗೆಂದು ಅದೇ ಅಳತೆಗೆ ನಾನು ಅಬ್ಬಾಗೆ ಜುಬ್ಬ ಹೊಲಿದೆ. ತೋಳು ಮುಂಗೈಯಲ್ಲೇ ಸಿಕ್ಕಿಕೊಂಡಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮೊದಲು ನನ್ನ ಮೇಲೇ ರೇಗಿದರು, ಆಮೇಲೆ ತಲೆ ತಗ್ಗಿಸಿದರು. ಬಟ್ಟೆ ಸಡಿಲವಾಗಿರಲಿ ಎಂದು ದರ್ಜಿಗಳು ಟೇಪಿನಡಿ ಎರಡು ಬೆರಳಿಟ್ಟು ಅಳೆಯುತ್ತಾರಲ್ಲ, ಮೊದಲ ವಾರ ಹಾಗೇ ಅಳೆದರಂತೆ. ಕೈ ಊದಿದಾಗ, ಹದಿಮೂರೇ ಬರಲೆಂದು ಒಂದು ಬೆರಳು ತೆಗೆದರು. ಇನ್ನೂ ಊದಿತು, ಎರಡನ್ನೂ ತೆಗೆದು ಬಿಗಿದು ಎಳೆದರು. "ಅಷ್ಟು ಜನ ಡಾಕ್ಟರ ಮುಂದೆ ನಿಂತ್ಕಂಡು, ನಮ್ಮಪ್ಪನ ಕೈಯೇ ವಾಸಿ ಆಗ್ಲಿಲ್ಲ ಅಂತ ನನ್ ಮಗ ಹೆಂಗೆ ಹೇಳ್ತಾನೆ ಬೇಟಿ?" ಅಂದರು.

ಅಣ್ಣಾ, ಅಬ್ಬಾನ ಮೇಲೆ ಸಿಟ್ಟು, ನೋಡದೆ ಬರೆದ ನನ್ನ ಮೇಲೆ ಇನ್ನೂ ಸಿಟ್ಟು. ಇಪ್ಪತ್ತರಂದು ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಅಬ್ಬಾನ ಅಳತೆಯನ್ನೂ ಸೇರಿಸಿ ನೀನು ಓದುವ ಪ್ರಬಂಧದ ಹಿಂದೆ ಆರು ವರ್ಷದ ದುಡಿಮೆಯಿದೆ ಎಂದು ಗೊತ್ತು. ಆದರೂ ಅದನ್ನು ಓದಬೇಡ. ನಿನ್ನ ಮಾತು ನಂಬಿ ಇನ್ನೆಷ್ಟು ಸಿಪಾಯಿಗಳಿಗೆ ಇದೇ ಕಟ್ಟು ಬಿಗಿಯುತ್ತಾರೋ, ನೆನೆದರೆ ಭಯವಾಗುತ್ತದೆ.

ಅಮ್ಮಿಯ ದುವಾ ನಿನ್ನ ತಲೆ ಕಾಯಲಿ.

ನಿನ್ನ ತಂಗಿ
ಅಫ್ಜಲುನ್ನೀಸಾ

ವಿ.ಸೂ.: ಈಗ ಅಬ್ಬಾ ತಾವೇ ಟೇಪು ಕೊಟ್ಟು ಕೈ ಚಾಚಿದರು. ಎರಡು ಬೆರಳಿಟ್ಟು ಅಳೆದೆ, ಹದಿನೈದೂವರೆ. ಮೊಣಕೈಯಿಂದ ಕಂಕುಳವರೆಗೆ ಕೆಂಪು ಗೆರೆ ಎದ್ದಿದೆ, ಮೈ ಸುಡುತ್ತಿದೆ. ಆದರೂ ಮತ್ತೆ ಕಟ್ಟಿಸಿಕೊಂಡು ಕೂತಿದ್ದಾರೆ, ನಂಜೇರಿದೆ, ಕಟ್ಟು ಬಿಚ್ಚಿ ಎನ್ನುವ ಇಲ್ಲಿನ ಡಾಕ್ಟರ ಮಾತು ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಬೆಂಗಳೂರಿನ ಬಸ್ಸಿಗೆ ಹೊರಟ ಪಕ್ಕದ ಮನೆಯ ಅಹಮದ್ ಷರೀಫರ ಕೈಲಿ ಇದನ್ನು ಕೊಡುತ್ತಿದ್ದೇನೆ. ಅವರ ಜೊತೆಗೇ ಹೊರಟು ಬಾ. ನೀನು ಕಟ್ಟಿದ್ದು, ನೀನೇ ಬಂದು ಬಿಚ್ಚು.