ಇಲ್ಲಿ ಚಿತ್ರವಿದೆ

ಫೆಬ್ರವರಿ 10, ಸೋಮವಾರ. ಟೊಲೀಡೊ

ವಾಷಿಂಗ್ಟನ್ನಿನ ಮಾನ್ಯ ಶಾಸನಕರ್ತರೇ, ಮಹನೀಯ ಪ್ರಕಾಶಕರೇ, ಸತ್ತವರ ಹಕ್ಕನ್ನು ಎಪ್ಪತ್ತು ವರ್ಷ ಕಾಯುವ ವಕೀಲರೇ! ಆಸನಗಳನ್ನು ಅಲಂಕರಿಸಿ. ಅಡಿಯಾಳಿನ ಅಹವಾಲು ಆಲಿಸಿ.

ಇವತ್ತೂ ಪೆಡಲ್ ತುಳಿದೆ. ಗಾಜು ಏಳುತ್ತದೆ, ಪುಟ ತಿರುವುತ್ತೇನೆ, ಗಾಜು ಇಳಿಯುತ್ತದೆ, ಕ್ಯಾಮೆರಾ ಕಣ್ಣು ಮಿಟುಕಿಸುತ್ತದೆ. ತಿರುವು, ಮಿಟುಕು, ಇಷ್ಟೇ ಬದುಕು. ಆನ್‌ಲೈನ್ ಗ್ರಂಥಭಂಡಾರದಲ್ಲಿ ಸ್ಕ್ಯಾನಿಂಗ್ ಕೆಲಸ.

ಊಟದ ಹೊತ್ತಿಗೆ ಬಾಸ್ ಡೆನೀಸ್ ಬಂದಳು. ಪ್ರಕಾಶಕರು ನಮ್ಮ ಮೇಲೆ ಹಾಕಿದ್ದ ಕೇಸು ಸೋತೆವು. ಪ್ರಕಾಶಕರ ಹಕ್ಕಿರುವ ಪುಸ್ತಕವೆಲ್ಲ ಇವತ್ತೇ ಮರೆಗೆ. ಪರದೆಯಲ್ಲಿ ಒಂದೊಂದಾಗಿ ಬೀಗ ಬಿತ್ತು. ಇಲ್ಲಿಗೆ ಓದಲು ಬರುವ ಯಾಡ್ವಿಗಜ್ಜಿ ತಾನೇ ಬರೆದ ಪುಸ್ತಕಕ್ಕೂ.

ಫೆಬ್ರವರಿ 12

ಅಜ್ಜಿ ಬಂದಳು, ಕೋಲು ಮುಂದೆ, ಸಿಟ್ಟು ಅದಕ್ಕಿಂತ ಮುಂದೆ. ಗಾಜಿನ ಕಾರ್ಖಾನೆಯ ಹೆಂಗಸರ ಬಗ್ಗೆ 1983ರಲ್ಲಿ ಅವಳು ಬರೆದ ಒಂದೇ ಪುಸ್ತಕ. ಅದರಲ್ಲಿ ಅವಳ ಅಮ್ಮನ ಒಂದೇ ಫೋಟೊ. ಮೂಲ ಫೋಟೊ, ತನ್ನ ಪ್ರತಿಗಳು, ಎಲ್ಲ ನೆಲಮಾಳಿಗೆಗೆ ನೀರು ನುಗ್ಗಿ ಹೋದವು. ವಾರಕ್ಕೊಮ್ಮೆ ಇಲ್ಲಿ ಬಂದು ಪರದೆಯ ಮೇಲೆ ಅಮ್ಮನನ್ನು ನೋಡುತ್ತಿದ್ದಳು. ಅವಳ ಕಣ್ಣೂ ಈಗ ನಡುವಿನಿಂದ ಮಸುಕಾಗುತ್ತಿದೆ.

"ಬರೆದೋಳು ನಾನು. ಎಲ್ರೂ ಓದ್ಲಿ ಅನ್ನೋಳೂ ನಾನೇ. ಬೇಡ ಅನ್ನೋನು ಯಾವನೋ?"

"ಹಕ್ಕು ಪ್ರಕಾಶಕರದ್ದು ಅಜ್ಜಿ."

"ಅವನು ಸತ್ತು ಯಾವ ಕಾಲ ಆಯ್ತು!"

"ಅವನ ಕಂಪನೀನ ಇನ್ನೊಬ್ರು ಕೊಂಡ್ರು. ಅವರನ್ನ ಮತ್ತೊಬ್ರು ನುಂಗಿದ್ರು."

"ಹಂಗಾದ್ರೆ ನಮ್ಮಮ್ಮ ಈಗ ಯಾರ ಹೊಟ್ಟೇಲಿದಾಳೆ?"

ಕ್ಯಾಟಲಾಗು ತಡಕಿದೆ. ಕಾಗದದ ಪ್ರತಿಯಾದರೂ? ಆನ್‌ಲೈನ್‌ನಲ್ಲಿ ಇದೆಯಲ್ಲ ಎಂದು ಊರಿನ ಲೈಬ್ರರಿಗಳು ರದ್ದಿಗೆ ಹಾಕಿದವು. ನಮ್ಮದು? ಹರಿದಿತ್ತು. ಹರಿದ ಪುಸ್ತಕದ ಬೆನ್ನು ಕತ್ತರಿಸಿ, ಬಿಡಿ ಹಾಳೆ ಸ್ಕ್ಯಾನ್ ಮಾಡಿ ಎಸೆಯುವುದು ಇಲ್ಲಿನ ಪದ್ಧತಿ. ಡಿಜಿಟಲ್ ಅಂದರೆ ಅಮರ, ಅಂದುಕೊಂಡಿದ್ದೆವು.

ಮಾರ್ಚ್ 4

ಕ್ರೈಸ್ತರ ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಮಂಗಳವಾರ. ಅಜ್ಜಿ ಪೌಂಚ್ಕಿ ತಂದಿದ್ದಳು, ಒಣದ್ರಾಕ್ಷಿ ಪಾಕ ತುಂಬಿ ಕರಿದ ಸಿಹಿ ಬನ್ನು. "ತಿನ್ನು, ನಾಳೆಯಿಂದ ಪಾಪ."

ಅನುಮತಿ ಕೇಳಿ ಬರೆದಿದ್ದ ಕಾಗದಕ್ಕೆ ಕಂಪನಿಯ ಉತ್ತರವೂ ಬಂತು. ಅಂಥ ಪುಸ್ತಕದ ದಾಖಲೆ ತಮ್ಮಲ್ಲಿಲ್ಲವಂತೆ. ಆದರೂ ಅನುಮತಿ ಕೊಡಲಾರರಂತೆ. ಅಚ್ಚಿಲ್ಲ, ಲೆಕ್ಕವಿಲ್ಲ, ಕೊಡುವ ಮನಸೂ ಇಲ್ಲ. ಶಾಸನಕರ್ತರೇ, ಚಪ್ಪಾಳೆ.

ಕಾನೂನಿನಲ್ಲಿ ಒಂದು ಕಿಂಡಿ ಇದೆ, ಅಂದಳು ಡೆನೀಸ್. ಅಚ್ಚಾದ್ದನ್ನು ಓದಲಾಗದವರಿಗೆ ಪುಸ್ತಕ ಕೊಡಬಹುದು. ವೈದ್ಯರ ಸಹಿ ಬೇಕು. ಅಜ್ಜಿ ಆಗಲೇ ವೈದ್ಯರನ್ನು ಕೇಳಿ ಬಂದಿದ್ದಳು. ದೊಡ್ಡಕ್ಷರ ಇನ್ನೂ ಓದುತ್ತೀರಲ್ಲ, ಈಗಲೇ ಬೇಡ, ಅಂದರಂತೆ.

"ಇನ್ನೆಷ್ಟು ಕುರುಡಾಗ್ಬೇಕಂತೆ? ಹೇಳ್ಲಿ, ಅಷ್ಟಾಗ್ತೀನಿ."

ಹೋಗುವಾಗ ಮೆಲ್ಲಗೆ ಕೇಳಿದಳು. "ನಿನ್ನ ಪರದೇಲೂ ಇಲ್ವೇನೋ?"

"ಇಲ್ಲ ಅಜ್ಜಿ."

ಜೂನ್ 17

ಸಹಿ ಸಿಕ್ಕಿತು. ಅಂದರೆ ಕಣ್ಣು ಹೋಯಿತು.

ಕುರ್ಚಿ ಎಳೆದು ಕೂರಿಸಿದೆ. ಬೀಗ ತೆರೆಯಿತು. ದನಿಗೆ ಮಾತ್ರ, ಪುಟ ಕಾಣಿಸುವುದಿಲ್ಲ, ಅಂತ ಅಜ್ಜಿಗೆ ಹೇಳಿದೆ. ಯಂತ್ರದ ದನಿ ಅವಳ ವಾಕ್ಯಗಳನ್ನು ಅವಳಿಗೇ ಓದಿತು. ಕಾರ್ಖಾನೆಯ ಗೇಟು, ಕುಲುಮೆಯ ಝಳ, ಪಾಳಿ ಮುಗಿಸಿ ಹೊರಗೆ ಬಂದ ಅಮ್ಮ... ಅಜ್ಜಿ ನನ್ನ ಕೈ ಹಿಡಿದಳು.

"ಇಲ್ಲಿ ಚಿತ್ರವಿದೆ," ಅಂದಿತು ಯಂತ್ರ. ಮುಂದಿನ ಸಾಲಿಗೆ ಹೋಯಿತು.

"ನಿಲ್ಸು. ಹಿಂದಕ್ಕೆ ಹೋಗು."

"ಇಲ್ಲಿ ಚಿತ್ರವಿದೆ."

"ಇನ್ನೊಂದ್ಸಲ."

"ಇಲ್ಲಿ ಚಿತ್ರವಿದೆ."

"ಏನ್ ಚಿತ್ರ ಅಂತ ಹೇಳಲ್ವಾ ಮುಂಡೇದು?" ಕೋಲು ನೆಲಕ್ಕೆ ಕುಟ್ಟಿದಳು. "ನೀನೇ ಹೇಳು. ನಂಗೆ ಮುಖ ಜಾರಿಹೋಗ್ತಿದೆ. ನಗ್ತಿದಾಳಾ?"

"ನಗ್ತಿದಾರೆ. ಮರದ ಪೆಟ್ಟಿಗೆ ಬೋರಲು ಹಾಕಿ ಕೂತಿದಾರೆ. ಎಡಗಡೆ ಒಂದು ಹಲ್ಲಿಲ್ಲ."

ಅಜ್ಜಿ ನನ್ನ ಕಡೆ ತಿರುಗಿದಳು. ಕಾಣದ ಕಣ್ಣು, ಆದರೂ ನೋಡಿದಳು.

"ನೀನು ಯಾವತ್ತೋ ಸ್ಕ್ಯಾನ್ ಮಾಡಿದ್ದು. ಹಲ್ಲೂ ನೆನಪಿದ್ಯೇನೋ?"

"...ಇದೆ ಅಜ್ಜಿ."

ಕೈ ಬಿಟ್ಟಳು.

ಜೂನ್ 18

ಮಾನ್ಯ ಶಾಸನಕರ್ತರೇ, ಕಾಯಿದೆ ತಿದ್ದಿ, ಕಿಂಡಿಯನ್ನು ಬಾಗಿಲು ಮಾಡಿ, ಬರೆದವರಿಗೆ ಬರಹ ಮರಳಿಸಿ, ಬೀಗದ ಕೈ ಕೆಳಗಿರಿಸಿ...

ಸಾಕು. ಇಲ್ಲಿ ಯಾರೂ ಇಲ್ಲ.

ಬೀಗ ಓದುಗರಿಗೆ ಮಾತ್ರ. ಸಿಬ್ಬಂದಿಯ ಪರದೆಯಲ್ಲಿ ಆ ಪುಟ ಯಾವತ್ತೂ ಇತ್ತು. ಪೌಂಚ್ಕಿ ತಂದ ದಿನ ಅವಳಿಗೆ ಇನ್ನೂ ಕಾಣುತ್ತಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿದ್ದರೆ ಸಾಕಿತ್ತು. ಕೆಲಸ ಹೋದೀತೆಂದು ಇಲ್ಲ ಅಂದೆ. ಆ ಹಲ್ಲು ನೆನಪಲ್ಲ. ನಿನ್ನೆ ಬೆಳಿಗ್ಗೆ, ಅವಳು ಬರುವ ಮೊದಲು, ಆ ಪುಟ ತೆರೆದು ನಾನು ನೋಡಿದ್ದೆ.